ಕಡಲ ದಂಡೆಯ ಕಣ

ನಮ್ಮ ದೊಡ್ಡಪ್ಪನ ಪಾದ ನೋಡಿದರೆ ಅದು ಯಾವ ತಿಂಗಳು ಅಂತ ಹೇಳಬಹುದಿತ್ತು. ಜನವರಿಯಲ್ಲಿ ಕಾಫಿ ಹಣ್ಣಿನ ರಸ ಹಿಡಿದು ಹಿಮ್ಮಡಿಯ ಬಿರುಕುಗಳೆಲ್ಲ ಕೆಂಪು. ಏಪ್ರಿಲ್ ಹೊತ್ತಿಗೆ ಕಾಳುಮೆಣಸಿನ ಮಸಿ ಹತ್ತಿ, ಸೀಗೆಪುಡಿ ಹಾಕಿ ಉಜ್ಜಿದರೂ ಹೋಗದಂಥ ಕಪ್ಪು. ಜುಲೈಯಲ್ಲಿ ಕೆಸರಲ್ಲಿ ನೆನೆದು ನೆನೆದು ಬೆಳ್ಳಗೆ ಸುಕ್ಕು. ಚಪ್ಪಲಿ ಇರಲಿಲ್ಲ ಅಂತಲ್ಲ. ಸೋಮವಾರಪೇಟೆಗೆ ಹೋಗುವಾಗ ಹಾಕಿಕೊಳ್ಳುತ್ತಿದ್ದರು, ವಾಪಸು ಬಂದವರೇ ಗೇಟಿನಲ್ಲೇ ಕಳಚಿ ಕೈಯಲ್ಲಿ ಹಿಡಿದು ಒಳಗೆ ಬರುತ್ತಿದ್ದರು. ಯಾಕೆಂದರೆ ಗೇಟು ದಾಟಿದರೆ ಕಣ. ಕಣದಲ್ಲಿ ಚಪ್ಪಲಿ ಹಾಕಿದವರನ್ನು ಅವರು ನೋಡುತ್ತಿದ್ದ ರೀತಿ ನೋಡಬೇಕಿತ್ತು ನೀವು.

ಸೋಮವಾರಪೇಟೆಯಿಂದ ಶನಿವಾರಸಂತೆ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮನೆ ಮುಂದೆ ಕಾಫಿ, ಮೆಣಸು ಒಣಗಿಸುವ ಸಿಮೆಂಟಿನ ಅಂಗಳ. ಅದೇ ದೊಡ್ಡಪ್ಪನ ಆಫೀಸು, ಅದೇ ಅವರ ಟಿವಿ. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡು ಕಣಕ್ಕೆ ಇಳಿದರೆ ಬರಿಗಾಲಲ್ಲಿ ಸಾಲು ಸಾಲಾಗಿ ಕಾಫಿ ತಿರುವುತ್ತಾ ಹೋಗುತ್ತಿದ್ದರು. ನಡುನಡುವೆ ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುವುದು. ಸಿಪ್ಪೆಯ ಒಳಗೆ ಬೀಜ ಗಲಗಲ ಅಂದರೆ ಒಣಗಿದೆ ಅಂತ. ಸಂಜೆ ಎಲ್ಲವನ್ನೂ ಗೋರುಮಣೆಯಿಂದ ಎಳೆದು ಗುಡ್ಡೆ ಮಾಡಿ, ಮೇಲೆ ಟಾರ್ಪಾಲ್ ಹೊದಿಸಿ, ಹಗ್ಗ ಬಿಗಿದು ಗಂಟು ಹಾಕುತ್ತಿದ್ದರು. ಆ ಗಂಟು ಒಂದು ವಿಚಿತ್ರ. ಎಂಥ ಗಾಳಿಗೂ ಜಗ್ಗುತ್ತಿರಲಿಲ್ಲ. ಅವರು ಒಂದು ತುದಿ ಹಿಡಿದು ಹೀಗೆ ಅಂದರೆ ಬಿಚ್ಚಿಕೊಳ್ಳುತ್ತಿತ್ತು, ಮಿಕ್ಕವರು ಉಗುರು ಮುರಿದುಕೊಂಡರೂ ಇಲ್ಲ. "ಮುಚ್ಚೋಕೆ ಕೈ ಸಾಕು ಕಣ್ರಲಾ, ಬಿಚ್ಚೋಕೆ ತಲೆ ಬೇಕು" ಅನ್ನುತ್ತಿದ್ದರು. ಬಿಸಿಲು ಬಂದ ಕೂಡಲೇ ಟಾರ್ಪಾಲ್ ತೆಗೆಯದಿದ್ದರೆ ಒಳಗೆ ಬೆವರಿ ಮುಗ್ಗಲು ಹಿಡಿಯುತ್ತದೆ. ಮಳೆಯಿಂದ ಹಾಳಾದದ್ದಕ್ಕಿಂತ ಮುಚ್ಚಿಟ್ಟು ಮರೆತು ಹಾಳಾದದ್ದೇ ಹೆಚ್ಚು ಅಂತ ಅವರ ವಾದ.

ನನ್ನ ಅಪ್ಪನ ಅಣ್ಣ ಅವರು. ಅಪ್ಪ ತೀರಿಕೊಂಡಾಗ ನನಗೆ ಏಳು ವರ್ಷ. ಮನೆ ತುಂಬ ಜನ, ಎಲ್ಲರೂ ನನ್ನ ತಲೆ ಸವರಿ ಅಳುವವರೇ. ನನಗೆ ಸಾಕುಬೇಕಾಗಿ ಹೋಗಿ ಕಣದ ಕಟ್ಟೆ ಮೇಲೆ ಕೂತಿದ್ದೆ. ದೊಡ್ಡಪ್ಪ ಬಂದು ಪಕ್ಕದಲ್ಲಿ ಕೂತರು. ತಲೆ ಸವರಲಿಲ್ಲ. "ಕೂಸೇ, ನನಗೆ ಬಗ್ಗಿ ಕೆಲಸ ಮಾಡ್ತಾ ಮೇಲೆ ನೋಡಕ್ಕಾಗಲ್ಲ. ಇವತ್ತಿಂದ ಮೋಡ ನೋಡೋದು ನಿನ್ ಕೆಲ್ಸ. ಆಯ್ತಾ?" ಅಂದರು. ಆಯ್ತು ಅಂದೆ. ಅವತ್ತಿನಿಂದ ಸ್ಕೂಲಿಲ್ಲದ ದಿನವೆಲ್ಲ ನಾನು ಮೋಡದ ಕಾವಲುಗಾರ್ತಿ. ಅವರು ಬಗ್ಗಿದಲ್ಲಿಂದಲೇ "ಮೋಡ ಐತಾ ಕೂಸೇ?" ಅಂತ ಕೂಗುವುದು, ನಾನು ಕಟ್ಟೆ ಮೇಲಿಂದ "ಇಲ್ಲಾ ದೊಡ್ಡಪ್ಪಾ!" ಅಂತ ಊರಿಗೇ ಕೇಳುವ ಹಾಗೆ ಕಿರುಚುವುದು. ಅಪ್ಪ ಇಲ್ಲದ ಮನೆಯಲ್ಲಿ ನನಗೂ ಒಂದು ಕೆಲಸ ಇದೆ, ನಾನಿಲ್ಲದಿದ್ದರೆ ಕಾಫಿ ನೆನೆದೇ ಹೋಗುತ್ತದೆ ಅನ್ನುವ ಜಂಬದಲ್ಲೇ ಬೆಳೆದುಬಿಟ್ಟೆ.

ಇಂಥ ದೊಡ್ಡಪ್ಪನಿಗೆ ನಾನು ಒಂದು ದೊಡ್ಡ ವಿಷಯ ಮುಚ್ಚಿಟ್ಟೆ.

ಎಂಟು ವರ್ಷದ ಹಿಂದಿನ ಮಾತು. ಕುಶಾಲನಗರದ ಒಂದು ಶಾಲೆಯಲ್ಲಿ ನಾನು ಟೀಚರ್. ಅದೇ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು ಕಡಲ ತೀರದಿಂದ ಬಂದವರು. ಅವರ ತಂದೆಗೆ ದೋಣಿ, ತಾಯಿ ಮೀನು ಒಣಗಿಸಿ ಮಾರುವವರು. ಇಬ್ಬರೂ ಮದುವೆ ಆಗುವುದು ಅಂತ ತೀರ್ಮಾನ ಮಾಡಿಕೊಂಡಿದ್ದೆವು. ಮಾಡಿಕೊಂಡಿದ್ದೆವು ಅಂತ ಈಗ ಸಲೀಸಾಗಿ ಬರೀತೀನಿ. ಆಗ ನೆನೆಸಿಕೊಂಡರೆ ನಾಲಿಗೆ ಒಣಗುತ್ತಿತ್ತು. ನಮ್ಮದು ಲಿಂಗ ಕಟ್ಟಿದ ಮನೆ. ದೊಡ್ಡಪ್ಪನ ಮಗ, ನನ್ನ ಅಣ್ಣ, ಒಂದು ಸಲ ಪೇಟೆಯಿಂದ ಮೊಟ್ಟೆ ಪಫ್ಸ್ ತಂದದ್ದಕ್ಕೆ ದೊಡ್ಡಪ್ಪ ಜೀಪನ್ನು ಎರಡು ಸಲ ತೊಳೆಸಿದ್ದರು. ಅಂಥವರ ಮುಂದೆ ಹೋಗಿ ಮೀನಿನವರ ಮನೆಗೆ ಸೊಸೆಯಾಗಿ ಹೋಗುತ್ತೇನೆ ಅಂತ ಹೇಳುವುದು ಹೇಗೆ?

ಅವ್ವನಿಗೆ ಹೇಳಿದೆ. ಅವ್ವ ಎರಡು ದಿನ ಅತ್ತು ದೊಡ್ಡಮ್ಮನಿಗೆ ಹೇಳಿದಳು. ದೊಡ್ಡಮ್ಮ "ಹುಡುಗ ಹೆಂಗವ್ನೆ?" ಅಂತ ಕೇಳಿ ಫೋಟೋ ನೋಡಿ, "ಪರವಾಗಿಲ್ಲ, ಕಿವಿ ಸ್ವಲ್ಪ ಅಗಲ" ಅಂದು, ಅಣ್ಣನಿಗೆ ಹೇಳಿದರು. ಅಣ್ಣ ಅತ್ತಿಗೆಗೆ. ಹೀಗೆ ಮನೆಗೆ ಮನೆಯೇ ಒಪ್ಪಿತು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ದೊಡ್ಡಪ್ಪ ಕೋಪ ಬಂದರೆ ಬೈಯುವವರಲ್ಲ, ಸುಮ್ಮನಾಗುವವರು. ಬೈದರೆ ಬೈಸಿಕೊಂಡು ಮುಗಿಸಬಹುದಪ್ಪ, ಸುಮ್ಮನಿದ್ದುಬಿಟ್ಟರೆ ಏನು ಮಾಡುವುದು? ಅವರು ಬೇಡ ಅಂದರೆ ಈ ಮದುವೆ ಇಲ್ಲ ಅಂತ ನಾನು ಲೆಕ್ಕದ ಮೇಷ್ಟ್ರಿಗೆ ಮೊದಲೇ ಹೇಳಿದ್ದೆ. ಏಳನೇ ವಯಸ್ಸಿನಿಂದ ಸಾಕಿದವರನ್ನು ದಾಟಿ ಹೋಗುವ ಧೈರ್ಯ ನನಗಿರಲಿಲ್ಲ. ಮನಸ್ಸೂ ಇರಲಿಲ್ಲ.

ಉಪಾಯ ಅಣ್ಣನದು. ಎಲ್ಲರೂ ಸೇರಿ ಸಮುದ್ರ ನೋಡಲು ಹೋಗುವುದು. ದಾರಿಯಲ್ಲಿ ನಮ್ಮ ಶಾಲೆಯ ಮೇಷ್ಟ್ರ ಮನೆ ಇದೆ ಅಂತ ಇಳಿಯುವುದು. ಊಟ ಮಾಡುವುದು. ಹುಡುಗನನ್ನೂ ಮನೆಯವರನ್ನೂ ನೋಡಿ ದೊಡ್ಡಪ್ಪನಿಗೆ ಇಷ್ಟವಾದ ಮೇಲೆ ಮೆಲ್ಲಗೆ ಬಾಯಿ ಬಿಡುವುದು. ಕೇಳಲು ಚೆನ್ನಾಗಿಯೇ ಇತ್ತು.

ದೊಡ್ಡಪ್ಪನನ್ನು ಹೊರಡಿಸುವುದೇ ಒಂದು ಸಾಹಸವಾಯಿತು. ಏಪ್ರಿಲ್ ಮೊದಲ ವಾರ, ಕಣದಲ್ಲಿ ಕೊನೆಯ ಮೆಣಸು ಇತ್ತು. "ಮೆಣಸು ಬಿಟ್ಟು ಸಮುದ್ರ ನೋಡಕ್ಕೆ ಹೋಗ್ತಾರಾ ಯಾರಾದ್ರೂ? ಸಮುದ್ರ ಏನು ಒಣಗಿ ಹೋಗ್ತದಾ?" ಕಡೆಗೆ ಅತ್ತಿಗೆ "ಮಾವ, ನಾನಿರ್ತೀನಿ, ನೀವು ಹೋಗ್ಬನ್ನಿ" ಅಂತ ಮನೆಯಲ್ಲಿ ಉಳಿದಳು. ಪಾಪ, ಆ ಎರಡು ದಿನ ಅವಳಿಗೆ ಗಂಟೆಗೊಂದು ಫೋನು. "ಮೋಡ ಐತೇನವ್ವಾ?"

ಅಣ್ಣ ಜೀಪು ಓಡಿಸಿದ. ಮುಂದೆ ದೊಡ್ಡಪ್ಪ, ಹಿಂದೆ ದೊಡ್ಡಮ್ಮ, ಅವ್ವ, ನಾನು. ಮಾದಾಪುರದ ಮೇಲೆ ಮಡಿಕೇರಿಗೆ ಹೋಗುವಷ್ಟರಲ್ಲಿ ದೊಡ್ಡಪ್ಪ ದಾರಿಯ ಎರಡೂ ಬದಿಯ ಕಣಗಳಿಗೆಲ್ಲ ಮಾರ್ಕು ಹಾಕಿದರು. "ಇವನು ದಪ್ಪ ಹರಡವ್ನೆ. ಅವನು ನೋಡು, ಕೋಳಿ ಬಿಟ್ಕೊಂಡವ್ನೆ." ಸಂಪಾಜೆ ಘಾಟಿ ಇಳಿದು ಸೆಕೆ ಶುರುವಾದ ಮೇಲೆ ಕಣಗಳು ಮುಗಿದವು, ಅವರ ಮಾತೂ ಮುಗಿಯಿತು. ಮಂಗಳೂರು ದಾಟಿ ಒಂದು ಸಣ್ಣ ಲಾಡ್ಜಿನಲ್ಲಿ ಇಳಿದುಕೊಂಡೆವು. ಮರುದಿನ ಬೆಳಿಗ್ಗೆ ಕಾಪು ದಾಟಿದ ಮೇಲೆ ಅಣ್ಣ ಹೆದ್ದಾರಿ ಬಿಟ್ಟು ಕಡಲ ಅಂಚಿನ ಸಣ್ಣ ರಸ್ತೆಗೆ ಜೀಪು ತಿರುಗಿಸಿದ.

ಆ ರಸ್ತೆಯನ್ನು ನಾನು ಆಮೇಲೆ ಸಾವಿರ ಸಲ ನೋಡಿದ್ದೇನೆ, ಇವತ್ತೂ ಬೇಜಾರಾಗಿಲ್ಲ. ಎಡಗಡೆ ಸಮುದ್ರ, ಬಲಗಡೆ ಹೊಳೆ, ನಡುವೆ ಒಂದು ಜೀಪು ಹೋಗುವಷ್ಟು ಡಾಂಬರು, ಎರಡು ಕಡೆ ತೆಂಗು. ಒಬ್ಬ ಸೈಕಲ್ಲಿನವನು ಬಂದರೂ ನಾವು ಬದಿಗೆ ಸರಿದು ನಿಲ್ಲಬೇಕು. ಸದ್ದಿಲ್ಲ, ಗದ್ದಲವಿಲ್ಲ. ದೊಡ್ಡಮ್ಮ ಸೆರಗು ಗಾಳಿಗೆ ಬಿಟ್ಟು "ಆಹಾ" ಅಂದರು. ಅವ್ವ ಕೈಮುಗಿದಳು. ದೊಡ್ಡಪ್ಪ ಜೀಪು ನಿಲ್ಲಿಸಲು ಹೇಳಿ ಇಳಿದು, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಮರಳಿನ ಮೇಲೆ ನಿಂತರು. ಉದ್ದಕ್ಕೂ ನೋಡಿದರು. ಎಡಕ್ಕೆ ಮೈಲಿಗಟ್ಟಲೆ ಮರಳು, ಬಲಕ್ಕೆ ಮೈಲಿಗಟ್ಟಲೆ ಮರಳು, ಮೇಲೆ ರಣ ಬಿಸಿಲು. ನೀರಿನ ಕಡೆ ಅವರ ಕಣ್ಣೇ ಹೋಗಲಿಲ್ಲ.

"ಅಯ್ಯೋ, ಎಂಥಾ ಕಣ ಕಣವ್ವಾ!" ಅಂದರು. "ನೆರಳೇ ಇಲ್ಲ ನೋಡು. ಇಲ್ಲಿ ಹರಡಿದ್ರೆ ಮೆಣಸು ಎರಡೇ ದಿನಕ್ಕೆ ಎತ್ತಬಹುದು."

ನಾವೆಲ್ಲ ನಕ್ಕು ನಕ್ಕು ಸುಸ್ತಾದೆವು. ಸಮುದ್ರ ತೋರಿಸಲು ಕರೆದುಕೊಂಡು ಬಂದರೆ ಈ ಮನುಷ್ಯ ಕಣ ನೋಡುತ್ತಾರಲ್ಲ! ಅವತ್ತು ಬೆಳಗ್ಗೆ ಎಷ್ಟು ಹಗುರವಾಗಿದ್ದೆವು ಅಂತ ನೆನೆದರೆ ಈಗಲೂ ಖುಷಿಯಾಗುತ್ತದೆ.

ಅಲ್ಲಿಂದ ಒಂದು ಫರ್ಲಾಂಗಿಗೆ ಮೇಷ್ಟ್ರ ಮನೆ. ಹಂಚಿನ ಸಣ್ಣ ಮನೆ ರಸ್ತೆಯ ಹೊಳೆ ಕಡೆಗೆ, ಎದುರಿಗೆ ರಸ್ತೆ ದಾಟಿದರೆ ಕಡಲು. ಅಣ್ಣ ತೆಂಗಿನ ಮರದ ಕೆಳಗೆ ಜೀಪು ನಿಲ್ಲಿಸಿ, ಗೊತ್ತೇ ಇಲ್ಲದವನ ಹಾಗೆ "ಅಪ್ಪಾ, ಇಲ್ಲೇ ಎಲ್ಲೋ ಇವಳ ಶಾಲೆ ಮೇಷ್ಟ್ರ ಮನೆ ಅಂತೆ" ಅಂತ ಶುರು ಮಾಡಿದ. ದೊಡ್ಡಮ್ಮ ನನ್ನ ತೊಡೆ ಚಿವುಟಿ "ಮುಖ ಸರಿ ಮಾಡ್ಕಳೇ" ಅಂದರು. ಇಷ್ಟರ ನಡುವೆ ನಾನು ಮೇಲೆ ನೋಡಲಿಲ್ಲ. ಚಿಕ್ಕಂದಿನಿಂದ ಮೋಡ ನೋಡಿಕೊಂಡು ಬೆಳೆದವಳು ಅವತ್ತೊಂದು ದಿನ ನೋಡಲಿಲ್ಲ.

ಟಪ್ ಅಂತ ಒಂದು ಹನಿ ಜೀಪಿನ ಬಾನೆಟ್ಟಿನ ಮೇಲೆ ಬಿತ್ತು. ಇನ್ನೊಂದು.

ದೊಡ್ಡಪ್ಪ ಆಗಷ್ಟೇ ಮುಖ ಒರೆಸಿಕೊಳ್ಳಲು ಕನ್ನಡಕ ತೆಗೆದಿದ್ದರು. ಕನ್ನಡಕ ಇಲ್ಲದಿದ್ದರೆ ಅವರಿಗೆ ಒಂದು ಮೊಳ ಆಚೆ ಎಲ್ಲ ಮಸುಕು. ದಾರಿಯುದ್ದಕ್ಕೂ ಅದೇ ಕಡಲ ವಾಸನೆ ಹೊಡೆದು ಮೂಗಿಗೂ ಏನೂ ಬೇರೆ ಅನ್ನಿಸಲಿಲ್ಲ. ರಸ್ತೆಯಾಚೆ ಮರಳಿನ ಮೇಲೆ ಉದ್ದಕ್ಕೂ ಏನನ್ನೋ ಒಣಗಲು ಹರಡಿದ್ದಾರೆ, ಹತ್ತಿರ ಯಾರೂ ಇಲ್ಲ, ಮಳೆ ಬೀಳುತ್ತಿದೆ. ಅವರಿಗೆ ಅಷ್ಟು ಸಾಕಾಯಿತು. "ಏಯ್! ಯಾರ್ರೀ ಅದು, ಮಳೆ ಬಂತು!" ಅಂತ ಕೂಗಿದವರೇ ಜೀಪಿನಿಂದ ಹಾರಿದರು. ಅರವತ್ತನಾಲ್ಕು ವರ್ಷದ ಮನುಷ್ಯ, ಬರಿಗಾಲಲ್ಲಿ, ಪಂಚೆ ಎತ್ತಿ ಕಟ್ಟಿಕೊಂಡು ಓಟ! ಅಲ್ಲೇ ಬಿದ್ದಿದ್ದ ತೆಂಗಿನ ಮಡಲಿನ ದಿಂಡನ್ನು ಗೋರುಮಣೆಯ ಹಾಗೆ ಹಿಡಿದು ಸರಸರ ಎಳೆದು ಗುಡ್ಡೆ ಮಾಡತೊಡಗಿದರು. ದಿಂಡು ಸಾಲದಾದಾಗ ಎರಡು ಕೈಯಲ್ಲಿ ಬಾಚಿದರು.

ಅದು ಮೀನು. ಬೆರಳುದ್ದದ ಬೆಳ್ಳಿ ಬಣ್ಣದ ಮೀನು, ಮೂರು ದಿನದಿಂದ ಒಣಗುತ್ತಿದ್ದದ್ದು.

ಅಣ್ಣ ಜೀಪಿನಲ್ಲೇ ಕಲ್ಲಾದ. ಅವ್ವ "ಶಿವಶಿವಾ" ಅಂತ ಕಣ್ಣು ಮುಚ್ಚಿಕೊಂಡಳು. ಅಷ್ಟರಲ್ಲಿ ಎದುರು ಮನೆಯಿಂದ ಒಬ್ಬ ಹೆಂಗಸು ಕೈಯಲ್ಲಿ ಸೌಟು ಹಿಡಿದುಕೊಂಡೇ ಓಡಿ ಬಂದರು. ಟಾರ್ಪಾಲ್ ಎಳೆದು, ಎದುರಿಗಿದ್ದವರು ಯಾರು ಏನು ಅಂತಲೂ ನೋಡದೆ, "ಎಂತ ನೋಡ್ತಾ ನಿಂತದ್ದು, ಆ ಮೂಲೆ ಹಿಡೀರಿ ಮಾರಾಯ್ರೆ! ಬೇಗ!" ಅಂತ ಗದರಿಸಿದರು.

ನಮ್ಮ ದೊಡ್ಡಪ್ಪನಿಗೆ ಆಜ್ಞೆ ಮಾಡಿದವರನ್ನು ನಾನು ಅದೇ ಮೊದಲು ಕಂಡದ್ದು. ಅವರು ತುಟಿಪಿಟಿಕ್ ಅನ್ನದೆ ಮೂಲೆ ಹಿಡಿದರು. ಇಬ್ಬರೂ ಸೇರಿ ಗುಡ್ಡೆಗೆ ಟಾರ್ಪಾಲ್ ಹೊದಿಸಿದರು. ದೊಡ್ಡಪ್ಪ ಹಗ್ಗ ಎಳೆದು, ದೋಣಿ ಕಟ್ಟುವ ಗೂಟಕ್ಕೆ ಬಿಗಿದು ತಮ್ಮ ಗಂಟು ಹಾಕಿದರು. ಮಳೆ ಆಗ ಜೋರಾಗಿ ಹೊಡೆಯಿತು. ಒಂದೇ ಒಂದು ಮೀನು ನೆನೆದಿರಲಿಲ್ಲ.

ಆ ಹೆಂಗಸು ಉಸಿರು ಬಿಟ್ಟು, ಸೌಟಿನಿಂದಲೇ ಹಣೆಯ ಕೂದಲು ಸರಿಸಿಕೊಂಡು ನಕ್ಕರು. "ದೇವರು ಕಳಿಸಿದ ಹಾಗೆ ಬಂದ್ರಿ ನೀವು. ನನ್ನ ಮಗನಿಗೆ ನೋಡಿದ ಹುಡುಗಿಯ ಮನೆಯವರು ಕೊಡಗಿನಿಂದ ಬರ್ತಾರೆ, ಒಳಗೆ ಪಾಯಸ ತಿರುಗಿಸ್ತಾ ಇದ್ದೆ. ಮಳೆ ಗೊತ್ತೇ ಆಗ್ಲಿಲ್ಲ. ಯಾವ ಊರಾಯ್ತು ನಿಮ್ದು?"

ದೊಡ್ಡಪ್ಪ ಮೊದಲು ತಮ್ಮ ಕೈ ನೋಡಿಕೊಂಡರು. ಬೆರಳುಗಳಿಗೆಲ್ಲ ಸಣ್ಣ ಸಣ್ಣ ಹೊಳೆಯುವ ಪೊರೆ ಅಂಟಿತ್ತು. ಆಮೇಲೆ ತಿರುಗಿ ಜೀಪಿನ ಕಡೆ ನೋಡಿದರು. ಕನ್ನಡಕ ಇಲ್ಲದಿದ್ದರೂ ನಾನು ತಲೆ ತಗ್ಗಿಸಿದ್ದು ಅವರಿಗೆ ಕಂಡಿರಬೇಕು. ಹಣೆಯ ವಿಭೂತಿ ಮಳೆಗೆ ಕರಗಿ ಕೆನ್ನೆ ಮೇಲೆ ಇಳಿಯುತ್ತಿತ್ತು. "ಬಾವಿ ಎಲ್ಲೈತೆ?" ಅಂತ ಆ ಹೆಂಗಸನ್ನು ಕೇಳಿದರು, ಅಷ್ಟೇ. ಮೇಷ್ಟ್ರು ಓಡಿ ಬಂದು ನೀರು ಸೇದಿ ಸೇದಿ ಕೊಟ್ಟರು. ದೊಡ್ಡಪ್ಪ ಉಟ್ಟ ಬಟ್ಟೆಯಲ್ಲೇ ತಲೆಗೆ ಹತ್ತು ಕೊಡ ಸುರಿದುಕೊಂಡರು. ಸೀದಾ ಬಂದು ಜೀಪಿನ ಮುಂದಿನ ಸೀಟಿನಲ್ಲಿ ಕೂತು, "ಹೊರಡು" ಅಂದರು.

ಯಾರಿಗೂ ಎದುರಾಡುವ ಧೈರ್ಯ ಬರಲಿಲ್ಲ. ಜೀಪು ಹೊರಟಾಗ ಹಿಂದೆ ತಿರುಗಿ ನೋಡಿದೆ. ಆ ಹೆಂಗಸು ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದರು, ಪಕ್ಕದಲ್ಲಿ ಖಾಲಿ ಕೊಡ ಹಿಡಿದು ಮೇಷ್ಟ್ರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು ನನ್ನ ಕತೆ.

ಮತ್ತೆ ಅದೇ ರಸ್ತೆ, ಬಂದ ದಿಕ್ಕಿಗೆ. ಅದೇ ಸಮುದ್ರ, ಅದೇ ಹೊಳೆ. ಎಷ್ಟೋ ಹೊತ್ತಾದ ಮೇಲೆ ದೊಡ್ಡಪ್ಪ ಮುಂದೆ ನೋಡಿಕೊಂಡೇ ಕೇಳಿದರು, "ಯಾರ್ಯಾರಿಗೆ ಗೊತ್ತಿತ್ತು?"

"ನನಗೆ ಗೊತ್ತಿತ್ತಪ್ಪಾ" ಅಂದ ಅಣ್ಣ. "ನನಗೂ" ಅಂದರು ದೊಡ್ಡಮ್ಮ. ಅವ್ವ ಸೆರಗಿನಲ್ಲಿ ಮೂಗು ಒರೆಸಿದಳು, ಅದೇ ಉತ್ತರ.

"ಮನೇಲಿರೋ ಸೊಸೆಗೆ?"

"ಅವಳಿಗೂ."

"ಹಂಗಾದ್ರೆ ಮನೇಲಿ ಗೊತ್ತಿಲ್ದಿದ್ದೋನು ನಾನೊಬ್ನೇ." ಅಂದು ಸುಮ್ಮನಾದರು.

ನನಗೆ ಅಳು ಬಂತು. ಅಳುವಿನ ಬೆನ್ನಿಗೇ ಸಿಟ್ಟು ಬಂತು. ನನ್ನ ಸ್ವಭಾವವೇ ಅದು, ತಪ್ಪು ನನ್ನದಾದಷ್ಟೂ ಸಿಟ್ಟು ಜಾಸ್ತಿ. "ಹೇಳಿದ್ರೆ ಒಪ್ತಿದ್ರಾ ದೊಡ್ಡಪ್ಪಾ? ನಿಜ ಹೇಳಿ" ಅಂತ ಹಿಂದಿನಿಂದ ಕೇಳಿಯೇಬಿಟ್ಟೆ.

"ಇಲ್ಲ" ಅಂದರು.

"ಮತ್ತೆ?"

"ಒಪ್ತಿರ್ಲಿಲ್ಲ. ಬೇಡ ಅಂತಿದ್ದೆ. ಆದ್ರೂ ಹೇಳ್ಬೇಕಿತ್ತು ಕೂಸೇ. ನಿಂಗೆ ಮೋಡ ನೋಡಕ್ಕೆ ಹೇಳ್ಕೊಟ್ಟೋನು ನಾನಲ್ವಾ? ಮೋಡ ಬಂದಿದ್ದು ಎಲ್ರಿಗೂ ಕೂಗಿ ಹೇಳಿ, ಕಣದಲ್ಲಿ ಬಗ್ಗಿರೋನಿಗೆ ಹೇಳಲ್ಲ ಅಂದ್ರೆ ಹೆಂಗೆ?"

ಹಿಂದಿನಿಂದಲೇ ಅವರ ಒದ್ದೆ ಹೆಗಲ ಮೇಲೆ ಹಣೆ ಇಟ್ಟು "ತಪ್ಪಾಯ್ತು" ಅಂದೆ. ಅವರು ಕೊಡವಿಕೊಳ್ಳಲಿಲ್ಲ.

ಬೇಸಿಗೆಯ ಮಳೆ ತಾನೆ, ಬಂದಷ್ಟೇ ಬೇಗ ಹೋಯಿತು. ಬಿಸಿಲು ಚುರುಚುರು ಅಂತ ಬಿತ್ತು, ಡಾಂಬರಿನಿಂದ ಹಬೆ ಏಳತೊಡಗಿತು. ದೊಡ್ಡಪ್ಪ ಜೀಪಿನ ಹೊರಗೆ ತಲೆ ಹಾಕಿ ಆಕಾಶ ನೋಡಿದರು. ಸೀಟಿನಲ್ಲಿ ಆ ಕಡೆ ಈ ಕಡೆ ಸರಿದರು. ಮತ್ತೆ ನೋಡಿದರು. ಕೊನೆಗೆ ಅಣ್ಣನ ತೋಳು ತಟ್ಟಿ, "ತಿರುಗ್ಸ್ಲಾ ಗಾಡಿ" ಅಂದರು.

"ಎಲ್ಲಿಗಪ್ಪಾ?"

"ಬಿಸಿಲು ಬಂತಲ್ಲೋ! ಗಂಟು ನಾನು ಹಾಕಿ ಬಂದಿದೀನಿ. ಆಯಮ್ಮನ ಕೈಲಿ ಅದು ಬಿಚ್ಚಕ್ಕಾಗಲ್ಲ. ಒಳಗೆ ಬೆವರಿ ಮೂರು ದಿನದ ಒಣಗು ಹಾಳಾಗ್ತದೆ."

ಅಣ್ಣ ಆ ಸಣ್ಣ ರಸ್ತೆಯಲ್ಲಿ ಜೀಪು ತಿರುಗಿಸಿದ್ದನ್ನು ನೋಡಿದ್ದರೆ ನೀವು ಅವನಿಗೆ ಬಹುಮಾನ ಕೊಡುತ್ತಿದ್ದಿರಿ. ದೊಡ್ಡಮ್ಮ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ನಾನು ದೇವರ ಹೆಸರು ಹೇಳಿಕೊಂಡು ಕೂತೆ.

ನಾವು ಹೋಗುವಷ್ಟರಲ್ಲಿ ಮೀನು ಮತ್ತೆ ಬಿಸಿಲಿನಲ್ಲಿ ಹರಡಿತ್ತು. ಆ ಹೆಂಗಸು ಬಗ್ಗಿ, ಬರಿಗಾಲಲ್ಲಿ, ಒಂದೊಂದೇ ಸಾಲು ತಿರುವುತ್ತಿದ್ದರು. ಟಾರ್ಪಾಲಿನ ಹಗ್ಗ ಎರಡು ತುಂಡಾಗಿ ಗೂಟದಲ್ಲಿ ನೇತಾಡುತ್ತಿತ್ತು.

ದೊಡ್ಡಪ್ಪ ಇಳಿದು ಹೋಗಿ ಹಗ್ಗ ನೋಡಿದರು. "ಕೊಯ್ದೇಬಿಟ್ರಾ?"

"ಮತ್ತೆಂತ ಮಾಡೂದು?" ಅಂದರು ಆ ಹೆಂಗಸು, ಬಗ್ಗಿದಲ್ಲಿಂದ ಏಳದೆ. "ನಿಮ್ಮ ಗಂಟು ಬಿಡಿಸ್ತಾ ಕೂತ್ರೆ ನನ್ನ ಮೀನು ಹಾಳಾಗ್ತದೆ. ಹಗ್ಗ ದೊಡ್ಡದಾ ಮೀನು ದೊಡ್ಡದಾ?"

ದೊಡ್ಡಪ್ಪ ನಕ್ಕರು! ಹೊಟ್ಟೆ ಕುಣಿಸಿಕೊಂಡು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು. ನಮ್ಮ ಕಡೆ ತಿರುಗಿ "ಕಣ ಗೊತ್ತಿರೋ ಹೆಂಗ್ಸು ಕಣ್ರೋ" ಅಂದರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ನಮ್ಮ ಕಡೆಯ ಎಷ್ಟೋ ದೊಡ್ಡ ಎಸ್ಟೇಟಿನವರಿಗೂ ಅದು ಸಿಕ್ಕಿರಲಿಲ್ಲ. ಆಮೇಲೆ ಮರಳಿನ ಮೇಲೇ ಕುಕ್ಕರಗಾಲಲ್ಲಿ ಕೂತು, ಆ ತುಂಡು ಹಗ್ಗ ಹಿಡಿದು, ಗಂಟು ಹಾಕುವುದು ಹೇಗೆ ಬಿಚ್ಚುವುದು ಹೇಗೆ ಅಂತ ಆಕೆಗೆ ಹೇಳಿಕೊಟ್ಟರು. ಸ್ವಂತ ಮಗನಿಗೆ ಕಲಿಸಿರಲಿಲ್ಲ ಅದನ್ನು! ಆಕೆ ಎರಡೇ ಸಲಕ್ಕೆ ಕಲಿತರು.

ಊಟಕ್ಕೆ ಬಡಿಸಿದ ಪಾತ್ರೆಗಳೆಲ್ಲ ಹೊಸವು. ದೊಡ್ಡಪ್ಪನ ಕೈಗೆ ಕೊಟ್ಟ ಲೋಟದ ಮೇಲೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ನಮಗಾಗಿ ಹೊಸ ಒಲೆ ಹಾಕಿ, ಮೀನು ಮುಟ್ಟದ ಪಾತ್ರೆ ತಂದು ಅಡಿಗೆ ಮಾಡಿದ್ದರು. ದೊಡ್ಡಪ್ಪ ಆ ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಕೀಳುತ್ತಾ ಕೂತರು. ಪೂರ್ತಿ ಕಿತ್ತಾದ ಮೇಲೆ ತಲೆಯೆತ್ತಿ, "ನಮ್ಮ ಹುಡುಗಿ ಲಿಂಗಪೂಜೆ ಬಿಡೋದಿಲ್ಲ. ಪೂಜೆಗೆ ಒಂದು ಮೂಲೆ ಸಿಗ್ತದಾ ಈ ಮನೇಲಿ?" ಅಂತ ಕೇಳಿದರು.

"ಮೂಲೆ ಯಾಕೆ? ಕೋಣೆಯೇ ಕೊಡುವ" ಅಂದರು ನನ್ನ ಅತ್ತೆ. ಆ ಕ್ಷಣದಿಂದ ಅವರು ನನ್ನ ಅತ್ತೆ.

ದೊಡ್ಡಪ್ಪ ಪಾಯಸ ಎರಡು ಸಲ ಹಾಕಿಸಿಕೊಂಡರು. ಹೊರಡುವ ಮೊದಲು ಮನೆಗೆ ಫೋನು ಮಾಡಿ, "ಮೋಡ ಐತೇನವ್ವಾ? ಇಲ್ವಾ? ಸರಿ. ನಿಂಗೂ ಗೊತ್ತಿತ್ತಂತೆ, ಬಂದು ವಿಚಾರಿಸ್ಕತೀನಿ" ಅಂದರು. ಆ ಕಡೆ ಅತ್ತಿಗೆ ಫೋನು ಇಟ್ಟೇಬಿಟ್ಟಳಂತೆ.

ಮದುವೆಯಾಯಿತು. ನೆಂಟರಲ್ಲಿ ಕೆಲವರು ಬರಲಿಲ್ಲ, ದೊಡ್ಡಪ್ಪ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಬೇಸಿಗೆಗೊಂದು ಸಲ ಮೆಣಸು ಮುಗಿದ ಮೇಲೆ ಕಡಲಿಗೆ ಬಂದು ಎರಡು ದಿನ ಇದ್ದು ಹೋಗುತ್ತಿದ್ದರು. ಅತ್ತೆಗೂ ಅವರಿಗೂ ಒಂದೇ ಮಾತು: ಈ ವರ್ಷ ಬಿಸಿಲು ಹೇಗೆ, ಮಳೆ ಹೇಗೆ. ಮೀನನ್ನು ಮತ್ತೆ ಯಾವತ್ತೂ ಮುಟ್ಟಲಿಲ್ಲ. ದೂರದಲ್ಲಿ ನಿಂತು "ದಪ್ಪ ಆಯ್ತು, ತೆಳ್ಳಗೆ ಹರಡಿ" ಅಂತ ಹೇಳದೆಯೂ ಬಿಡಲಿಲ್ಲ.

ಹೋದ ಜನವರಿಯಲ್ಲಿ ದೊಡ್ಡಪ್ಪ ಹೋದರು. ಬೆಳಿಗ್ಗೆ ಪೂಜೆ ಮುಗಿಸಿ ಕಣಕ್ಕೆ ಇಳಿದವರು ಎರಡು ಸಾಲು ತಿರುವಿ, ಕಟ್ಟೆ ಮೇಲೆ ಕೂತರಂತೆ. ಕೂತವರು ಏಳಲಿಲ್ಲ. ನರಳಲಿಲ್ಲ, ಯಾರ ಕೈಯಲ್ಲೂ ಒಂದು ಲೋಟ ನೀರು ತರಿಸಿಕೊಳ್ಳಲಿಲ್ಲ. ಸುದ್ದಿ ಬಂದ ಕೂಡಲೇ ನಾವು ಹೊರಟೆವು. ಅತ್ತೆಯೂ 'ನಾನು ಬರ್ತೇನೆ' ಅಂತ ಒಂದು ಸೀರೆ ಸುತ್ತಿಕೊಂಡು ಜೊತೆಗೆ ಬಂದರು. ನಾವು ತಲುಪುವಾಗ ಮಧ್ಯಾಹ್ನ. ನಮ್ಮ ಪದ್ಧತಿಯಂತೆ ದೊಡ್ಡಪ್ಪನನ್ನು ಜಗಲಿಯ ಮೇಲೆ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವು, ಮುಖ ಕಣದ ಕಡೆಗೆ. ಪಾದದ ಬಿರುಕುಗಳಲ್ಲಿ ಇನ್ನೂ ಕೆಂಪಿತ್ತು.

ನಾನು ಆ ಪಾದ ಹಿಡಿದು ಕೂತೆ. ಎಷ್ಟು ಹೊತ್ತು ಅತ್ತೆನೋ ನನಗೇ ಗೊತ್ತಿಲ್ಲ. ಮನೆಯವರು, ಊರವರು, ಎಲ್ಲರೂ ಜಗಲಿಯ ಸುತ್ತ. ಕಣದಲ್ಲಿ ಕಾಫಿ ಹರಡಿದ್ದು ಹರಡಿದ ಹಾಗೆಯೇ ಇತ್ತು, ಯಾರ ಗಮನವೂ ಅತ್ತ ಇರಲಿಲ್ಲ. ಜನವರಿಯಲ್ಲಿ ಮಳೆ ಅಂತ ಯಾರು ಅಂದುಕೊಳ್ಳುತ್ತಾರೆ? ಈಗೀಗ ಅದೂ ಬರುತ್ತದೆ. ಆಕಾಶ ಕಪ್ಪಿಟ್ಟದ್ದು ನನಗೆ ಕಾಣಲಿಲ್ಲ. ಮತ್ತೊಮ್ಮೆ ನಾನು ಮೋಡ ನೋಡಲಿಲ್ಲ.

ಸರ್ರ್ ಅಂತ ಒಂದು ಸದ್ದಿಗೆ ತಲೆಯೆತ್ತಿದೆ. ಗೋರುಮಣೆ ಸಿಮೆಂಟಿನ ಮೇಲೆ ಎಳೆಯುವ ಸದ್ದು. ಅದು ಹುಟ್ಟಿದಾಗಿನಿಂದ ಕೇಳಿದ ಸದ್ದು, ಎಳೆಯುತ್ತಿದ್ದವರು ದೊಡ್ಡಪ್ಪನೇ ಅಂತ ಅರೆಗಳಿಗೆ ನಂಬಿಬಿಟ್ಟೆ. ನೋಡಿದರೆ ಅತ್ತೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ, ಒಬ್ಬರೇ ಕಾಫಿ ಎಳೆದು ಗುಡ್ಡೆ ಮಾಡುತ್ತಿದ್ದಾರೆ. ಕಾಫಿ ಕಣಕ್ಕೆ ಅವರು ಇಳಿದದ್ದೇ ಅದು ಮೊದಲು. ಎದುರಿಗೆ ದಂಗಾಗಿ ನಿಂತಿದ್ದ ನಮ್ಮ ಅಣ್ಣನಿಗೆ, "ಎಂತ ನೋಡ್ತಾ ನಿಂತದ್ದು, ಆ ಮೂಲೆ ಹಿಡಿ ಮಾರಾಯಾ!" ಅಂದರು.

ಅಣ್ಣ ಅಳುತ್ತಲೇ ಓಡಿದ. ಅತ್ತಿಗೆ ಓಡಿದಳು, ನಾನು ಓಡಿದೆ, ಸಾವಿಗೆ ಬಂದ ಊರವರೆಲ್ಲ ಚಪ್ಪಲಿ ಕಳಚಿ ಕಣಕ್ಕಿಳಿದರು. ಟಾರ್ಪಾಲ್ ಹೊದಿಸಿ ಅತ್ತೆ ಹಗ್ಗ ಬಿಗಿಯುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು. ಪಕ್ಕದಲ್ಲೇ ಕೂತಿದ್ದ ದೊಡ್ಡಮ್ಮ ಎದ್ದು, ದೊಡ್ಡಪ್ಪನ ಮುಖದ ಹತ್ತಿರ ಬಗ್ಗಿ ಹೇಳಿದರು: "ನೋಡಿದ್ರಾ? ಕಣ ಮುಚ್ಚಾಯ್ತು. ಇನ್ನು ನೀವು ಹೊರಡಬಹುದು."

ಮಳೆ ನಿಂತ ಮೇಲೆ ತೋಟದ ತಲೆಯಲ್ಲಿ ಅವರನ್ನು ಮಣ್ಣು ಮಾಡಿದೆವು.

ಮರುದಿನ ಬೆಳಿಗ್ಗೆ ಒಳ್ಳೆಯ ಬಿಸಿಲು. ಅಣ್ಣ ಕತ್ತಿ ಹಿಡಿದುಕೊಂಡು ಕಣಕ್ಕೆ ಬಂದ, ಅವನಿಗೆ ಆ ಗಂಟು ಕೊನೆಗೂ ಒಲಿದಿರಲಿಲ್ಲ. ಅತ್ತೆ ಆಗಲೇ ಅಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. "ಕತ್ತಿ ಬೇಡ ಮಗಾ. ಅವರು ಹೇಳಿಕೊಟ್ಟದ್ದುಂಟು ನನಗೆ" ಅಂದರು. ಒಂದು ತುದಿ ಹಿಡಿದು ಹೀಗೆ ಅಂದರು. ಬಿಚ್ಚಿಕೊಂಡಿತು. ಟಾರ್ಪಾಲ್ ತೆಗೆದು ಬರಿಗಾಲಲ್ಲಿ ಕಾಫಿ ಹರಡುತ್ತಾ, ಬಗ್ಗಿದಲ್ಲಿಂದಲೇ ನನ್ನನ್ನು ಕೇಳಿದರು, "ಮೇಲೆ ನೋಡು ಮಗಾ. ಮೋಡ ಉಂಟಾ?"

ನಾನು ಕಟ್ಟೆ ಮೇಲೆ ಹತ್ತಿ ನಿಂತೆ. ನಾಲ್ಕು ದಿಕ್ಕಿಗೂ ಚೆನ್ನಾಗಿ ನೋಡಿದೆ. ಎಲ್ಲೂ ಒಂದು ಚೂರೂ ಇರಲಿಲ್ಲ.

"ಇಲ್ಲಾ ದೊಡ್ಡಪ್ಪಾ!" ಅಂತ ಊರಿಗೇ ಕೇಳುವ ಹಾಗೆ ಕೂಗಿದೆ.